ಕುರ್ಚಿಯೂ ಮುದ್ದೆ ಕೋಲೂ

ನಾನು ನಾಲ್ಕು ದಿನ ಮ್ಯಾನೇಜರ್ ಆಗಿದ್ದೆ, ಕೆಲಸ ಬರಲಿಲ್ಲ, ಬಿಟ್ಟೆ. ಆದದ್ದು ಇಷ್ಟೇ. ಇದರ ಮೇಲೆ ಊರಿನವರು ಕಟ್ಟಿದ ಕಥೆಗಳನ್ನು ನಂಬಬೇಡಿ. ಓದು ಬರದ ಹೆಂಗಸೆಂದು ಅಂಗಡಿ ಯಜಮಾನರೇ ಇಳಿಸಿದರು ಅನ್ನುತ್ತಾರೆ ಕೆಲವರು. ಅದು ಸುಳ್ಳು. ನಾನು ಮೂರನೇ ಕ್ಲಾಸು ಪಾಸಾಗಿದ್ದೇನೆ, ಬಸ್ಸು ಸ್ವಲ್ಪ ಹೊತ್ತು ನಿಂತರೆ ಅದರ ಬೋರ್ಡನ್ನು ಪೂರ್ತಿ ಓದುತ್ತೇನೆ. ಯಜಮಾನರ ಜೊತೆ ಜಗಳವಾಯಿತು ಅನ್ನುವವರೂ ಇದ್ದಾರೆ. ಜಗಳ ಆಗಿದ್ದು ನಿಜ, ಆದರೆ ಅದು ಹನ್ನೆರಡು ವರ್ಷದಿಂದ ವಾರಕ್ಕೊಮ್ಮೆ ಆಗುತ್ತಲೇ ಇತ್ತು, ಅದನ್ನು ಕಾರಣ ಅನ್ನಲಾಗದು. ಇನ್ನು ನನ್ನ ಮಗ ಹೇಳಿಕೊಂಡು ತಿರುಗುವುದೇ ಬೇರೆ: ಅವ್ವ ಚಿಕ್ಕ ಹುಡುಗಿಯೊಬ್ಬಳಿಗೆ ದಾರಿ ಬಿಟ್ಟುಕೊಟ್ಟಳಂತೆ. ನಾನು ಈ ಜನ್ಮದಲ್ಲಿ ಯಾರಿಗೂ ಏನೂ ಬಿಟ್ಟುಕೊಟ್ಟವಳಲ್ಲ. ಪಿರಿಯಾಪಟ್ಟಣದಿಂದ ಬರುವ ಬೆಳಗಿನ ಬಸ್ಸಿನಲ್ಲಿ ಯಾರನ್ನಾದರೂ ಕೇಳಿ, ಕಿಟಕಿ ಪಕ್ಕದ ಸೀಟನ್ನು ಒಂದು ದಿನವಾದರೂ ಬಿಟ್ಟಿದ್ದೇನೆಯೇ ಅಂತ.

ಹುಣಸೂರಿನ ಪೇಟೆ ಬೀದಿಯ ಒಂದು ಪಾತ್ರೆ ಅಂಗಡಿಯಲ್ಲಿ ನಾನು ಸೇಲ್ಸ್ ಗರ್ಲ್. ನಗಬೇಡಿ, ಹಾಜರಿ ಪುಸ್ತಕದಲ್ಲಿ ಹಾಗೇ ಬರೆದಿತ್ತು. ಸೇರಿದಾಗಲೇ ನಾನು ಅಜ್ಜಿಯಾಗಿದ್ದೆ. ಒಮ್ಮೆ ಮೊಮ್ಮಗಳು ಶಾಲೆಯಲ್ಲಿ, ನಮ್ಮಜ್ಜಿ ಸೇಲ್ಸ್ ಗರ್ಲ್ ಅಂತ ಹೇಳಿ ಮೇಷ್ಟ್ರ ಕೈಲಿ ಬೈಸಿಕೊಂಡು ಬಂದಳು.

ಆ ಅಂಗಡಿಗೆ ನಾನು ಮೊದಲು ಕಾಲಿಟ್ಟದ್ದು ಕೆಲಸಕ್ಕಲ್ಲ, ಪಾತ್ರೆ ಬದಲಾಯಿಸಲಿಕ್ಕೆ. ತೊಂಬತ್ತರ ಆಸುಪಾಸಿನ ಮಾತು. ಆಗ ನಮ್ಮ ಕಡೆ ಹಳ್ಳಿಗಳಿಗೆ ಕಲಾಯಿಯವರು ಬರುವುದು ನಿಂತುಹೋಗಿತ್ತು. ಹಿತ್ತಾಳೆ ಪಾತ್ರೆಗೆ ಒಳಗೆ ತವರದ ಕಲಾಯಿ ಇಲ್ಲದಿದ್ದರೆ ಸಾರು ಕಿಲುಬುತ್ತದೆ. ಅದಕ್ಕೇ ಎಲ್ಲರೂ ಮನೆಯ ಹಿತ್ತಾಳೆಯನ್ನೆಲ್ಲ ಗೋಣಿಚೀಲಕ್ಕೆ ತುಂಬಿ ತಂದು, ತೂಕಕ್ಕೆ ಹಾಕಿ, ಸ್ಟೀಲು ತೆಗೆದುಕೊಂಡು ಹೋಗುವ ಕಾಲ. ನಾನೂ ನಮ್ಮ ಅತ್ತೆಯ ಹಿತ್ತಾಳೆ ತಪ್ಪಲೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೋದೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಮುದ್ದೆ ತಿರುವಿದ ತಪ್ಪಲೆ ಅದು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ರಾಗಿ ಹಿಟ್ಟು ಬೆಂದ ಮೇಲೆ ತಪ್ಪಲೆಯನ್ನು ಒಲೆಯಿಂದ ನೆಲಕ್ಕಿಳಿಸಿ, ಸುತ್ತಲೂ ಹಳೇ ಬಟ್ಟೆ ಸುತ್ತಿ, ಎರಡು ಪಾದಗಳ ನಡುವೆ ಅದುಮಿ ಹಿಡಿದು, ಕೋಲಿನಲ್ಲಿ ಗಂಟು ಒಡೆದು ತಿರುವಬೇಕು. ಅರ್ಧ ಕೆಲಸ ತೋಳಿನದು, ಅರ್ಧ ಹಿಮ್ಮಡಿಯದು. ಅತ್ತೆಯ ತಪ್ಪಲೆಯ ಹೊರಮೈಯೆಲ್ಲ ಮಸಿ ಹಿಡಿದು ಕರ್ರಗಿದ್ದರೂ, ಎರಡು ಪಕ್ಕದಲ್ಲಿ ಹಿಮ್ಮಡಿ ಅಗಲದ ಎರಡು ಜಾಗ ಮಾತ್ರ ಬಟ್ಟೆ ಉಜ್ಜಿ ಉಜ್ಜಿ ಚಿನ್ನದ ಹಾಗೆ ಹೊಳೆಯುತ್ತಿದ್ದವು.

ಅಂಗಡಿಯಲ್ಲಿ ಯಜಮಾನರು ಮೂರು ಸ್ಟೀಲು ತಪ್ಪಲೆ ತೋರಿಸಿದರು. ಪಾತ್ರೆಯನ್ನು ನೋಡಿ ಕೊಳ್ಳುವುದು ನನಗೆ ಬರುವುದಿಲ್ಲ. ಸೀರೆ ಮೊಣಕಾಲಿಗೆ ಎತ್ತಿಕಟ್ಟಿ ಅಂಗಡಿಯ ನೆಲದ ಮೇಲೇ ಕೂತೆ, ಮೂಲೆಯಲ್ಲಿದ್ದ ಮುದ್ದೆ ಕೋಲು ಎಳೆದುಕೊಂಡೆ, ತಪ್ಪಲೆಯನ್ನು ಪಾದದ ನಡುವೆ ಇಟ್ಟುಕೊಂಡು ಬರಿಯ ಗಾಳಿಯನ್ನೇ ತಿರುವಿದೆ. ಮೊದಲನೆಯದು ಜಾರಿತು. ಎರಡನೆಯದರ ಬಾಯಿ ಚಿಕ್ಕದು, ಬೆರಳ ಗೆಣ್ಣು ಕಂಠಕ್ಕೆ ಬಡಿಯಿತು. ಮೂರನೆಯದು ಪರವಾಗಿಲ್ಲ ಅಂದೆ. ತಲೆ ಎತ್ತಿ ನೋಡಿದರೆ ಸುತ್ತ ಏಳೆಂಟು ಹೆಂಗಸರು ನಿಂತಿದ್ದರು. ಅದೇ ಮೂರನೆಯದನ್ನು ಅವರೆಲ್ಲ ಕೇಳಿ ತೆಗೆದುಕೊಂಡು ಹೋದರು. ಯಜಮಾನರು ನನ್ನನ್ನೇ ಒಂದು ಗಳಿಗೆ ನೋಡಿ, ನಾಳೆಯಿಂದ ದಿನಾ ಬಂದು ಹೀಗೇ ಕೂತುಕೊಳ್ಳುತ್ತೀರಾ ಅಂದರು. ಗಂಡ ಸತ್ತು ಎರಡು ವರ್ಷವಾಗಿತ್ತು, ಮನೆಯಲ್ಲಿ ಸುಮ್ಮನೆ ಕೂತು ಸೊಸೆಯ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದೆ. ಬರುತ್ತೇನೆ ಅಂದೆ.

ಆ ಸಂತೋಷದಲ್ಲಿ ಹಿತ್ತಾಳೆ ತಪ್ಪಲೆಯನ್ನು ಕೊಟ್ಟುಬಿಟ್ಟೆ. ಗುಜರಿ ಚೀಲದಲ್ಲಿ ಜಾಗ ಉಳಿಯಲೆಂದು ಅಲ್ಲಿನ ಆಳು ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ಅದನ್ನು ನನ್ನ ಕಣ್ಣೆದುರೇ ಚಪ್ಪಟೆ ಮಾಡಿದ. ಆಗ ನನಗೆ ಏನೂ ಅನ್ನಿಸಲಿಲ್ಲ. ರಾತ್ರಿ ಊಟಕ್ಕೆ ಹೊಸ ತಪ್ಪಲೆಯ ಮುದ್ದೆ ಬಡಿಸಿದೆ. ಅತ್ತೆ ಮುರಿದು, ಸಾರಿಗೆ ಅದ್ದಿ, ನುಂಗಿ, "ಹಿಟ್ಟು ಚೆನ್ನಾಗದೆ" ಅಂದರು. ಇನ್ನಷ್ಟು ಸಾರು ಹಾಕಿಸಿಕೊಂಡು, "ನನ್ ತಪ್ಪಲೆ ಒಡದಾಕುದ್ರಾ?" ಅಂತ ಕೇಳಿದರು. ಹೂಂ ಅಂದೆ. ಇನ್ನೊಂದು ತುತ್ತು ನುಂಗಿದರು. ಆಮೇಲೆ ಸಾಯುವವರೆಗೂ ಆ ಮಾತೆತ್ತಲಿಲ್ಲ. ಎತ್ತಿದ್ದರೆ ನಾನೂ ಒಂದು ಉತ್ತರ ಕೊಟ್ಟು ಮುಗಿಸುತ್ತಿದ್ದೆ. ಉತ್ತರ ನನ್ನ ಹತ್ತಿರ ಯಾವಾಗಲೂ ಇರುತ್ತದೆ.

ಹೀಗೆ ಹನ್ನೆರಡು ವರ್ಷ ನೆಲದ ಮೇಲೆ ಕೂತು ತಪ್ಪಲೆ ಮಾರಿದೆ. ನನ್ನ ಹತ್ತಿರ ಒಂದು ಚಾಪೆ, ಒಂದು ಮುದ್ದೆ ಕೋಲು. ಮದುವೆಗೆ ಪಾತ್ರೆ ತೆಗೆಯಲು ಬಂದ ಹೆಣ್ಣನ್ನು ಕೂರಿಸಿ ತಿರುವಿಸುತ್ತಿದ್ದೆ. ಯಾವ ಹುಡುಗಿಗೆ ಹಿಟ್ಟು ತಿರುವಲು ಬರುತ್ತದೆ, ಯಾರ ಮನೆಯಲ್ಲಿ ಅವ್ವನೇ ಎಲ್ಲ ಮಾಡಿ ಮಗಳನ್ನು ಹಾಳು ಮಾಡಿದ್ದಾಳೆ ಅನ್ನುವುದು ಎರಡು ಸುತ್ತಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಹುಡುಗನ ಕಡೆಯವರ ಮುಂದೆ ಹೇಳುತ್ತಿರಲಿಲ್ಲ, ಅಷ್ಟು ಬುದ್ಧಿ ನನಗಿದೆ. ಗಂಡಸರು ಪಾತ್ರೆ ಕೊಳ್ಳುವುದೇ ಬೇರೆ ರೀತಿ. ಬೆರಳ ಗೆಣ್ಣಿನಲ್ಲಿ ಠಣ್ಣೆಂದು ಬಡಿದು, ತಲೆ ವಾಲಿಸಿ, ದೇವಸ್ಥಾನದ ಗಂಟೆ ಕೇಳಿದವರ ಹಾಗೆ ಕಣ್ಣು ಮುಚ್ಚುತ್ತಾರೆ. ಆ ಸದ್ದಿನಲ್ಲಿ ಏನು ಗೊತ್ತಾಗುತ್ತದೆಂದು ಎಷ್ಟೋ ಜನರನ್ನು ಕೇಳಿದ್ದೇನೆ, ಇದುವರೆಗೆ ಯಾರೂ ಹೇಳಿಲ್ಲ. ಹಿತ್ತಾಳೆ ತಂದವರಿಗೆ ಮಾತ್ರ, ಇದು ಯಾರದು ಅಂತ ಒಂದು ಮಾತು ಕೇಳುತ್ತಿದ್ದೆ. ಯಾಕೆ ಕೇಳುತ್ತೇನೆಂದು ಯಾರಿಗೂ ಹೇಳಲಿಲ್ಲ. ನೂರರಲ್ಲಿ ಐದಾರು ಜನ ಆ ಮಾತಿಗೆ ಯೋಚನೆ ಮಾಡಿ ಪಾತ್ರೆಯನ್ನು ವಾಪಸ್ ತೆಗೆದುಕೊಂಡು ಹೋಗುತ್ತಿದ್ದರು. ವಾರಕ್ಕೊಮ್ಮೆ ಯಜಮಾನರ ಜೊತೆ ಜಗಳ ಅಂದೆನಲ್ಲ, ಅದು ಇದಕ್ಕೇ.

ಆಮೇಲೆ ಅಂಗಡಿಯನ್ನು ಕೆಡವಿ ಕಟ್ಟಿದರು. ಗಾಜಿನ ಬಾಗಿಲು, ಮುಖ ಕಾಣುವಂಥ ಟೈಲ್ಸ್ ನೆಲ, ಮಿಕ್ಸಿಗೆ ಒಂದು ಗೋಡೆ, ಕುಕ್ಕರಿಗೆ ಒಂದು ಗೋಡೆ. ಅಷ್ಟರಲ್ಲಿ ಯಜಮಾನರು ಕೆ.ಆರ್. ನಗರದಲ್ಲೂ ಒಂದು ಅಂಗಡಿ ತೆರೆದು ಅಲ್ಲೇ ಕೂರತೊಡಗಿದ್ದರು. ಇಲ್ಲಿಗೆ ಮ್ಯಾನೇಜರ್ ಬೇಕಾಯಿತು. ನನ್ನನ್ನು ಕರೆದು, "ಸಾಕಮ್ಮೋರೆ, ಇನ್ ಎಷ್ಟ್ ದಿನ ಅಂತ ನೆಲದ್ ಮೇಲ್ ಕೂರ್ತೀರಿ, ಮೇಲಕ್ ಬನ್ನಿ" ಅಂದರು. ನನಗೆ ಅದು ಹೆಮ್ಮೆ ತರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮನೆಗೆ ಹೋಗುವವರೆಗೂ ಬಸ್ಸಿನಲ್ಲಿ ಯಾರಾದರೂ ಕೇಳುತ್ತಾರೇನೋ ಅಂತ ಮುಖ ನೋಡುತ್ತಾ ಕೂತಿದ್ದೆ. ಯಾರೂ ಕೇಳಲಿಲ್ಲ, ನಾನೇ ಕಂಡಕ್ಟರಿಗೆ ಹೇಳಿದೆ.

ಮಗ ಮಾರನೆಯ ದಿನ ಡೇರಿಗೆ ಹಾಲು ಹಾಕಲು ಹೋದವನು ಕ್ಯೂನಲ್ಲಿದ್ದವರಿಗೆಲ್ಲ ಹೇಳಿ ಬಂದ. ಸೊಸೆ ಭಾಗ್ಯ ತನ್ನ ಗಂಜಿ ಹಾಕಿದ ಹತ್ತಿ ಸೀರೆ ತೆಗೆದುಕೊಟ್ಟು, ಮ್ಯಾನೇಜರ್ ಆದವರು ಇಸ್ತ್ರಿ ಸೀರೆ ಉಡಬೇಕು ಅತ್ತೆ ಅಂದಳು. ಉಟ್ಟುಕೊಂಡು ನಡೆದರೆ ಒಣಗಿದ ಬಾಳೆ ಎಲೆಯ ಹಾಗೆ ಸದ್ದಾಗುತ್ತಿತ್ತು.

ಮ್ಯಾನೇಜರಿಗೆ ಒಂದು ತಿರುಗುವ ಕುರ್ಚಿ, ಒಂದು ಗಾಜಿನ ಮೇಜು, ಒಂದು ಫೋನು, ಬೀಗದ ಕೈ ಗೊಂಚಲು, ಕುಟ್ಟಿದರೆ ಟಿಣ್ ಅನ್ನುವ ಒಂದು ಗಂಟೆ. ಮೊದಲನೆಯ ದಿನ ಕುರ್ಚಿ ಹತ್ತಿದೆ. ಕಾಲು ನೆಲಕ್ಕೆ ತಾಗಲಿಲ್ಲ. ಕುರ್ಚಿಯನ್ನು ಇಳಿಸುವ ಹಿಡಿಕೆಯೊಂದು ಇರುತ್ತದಂತೆ, ಅದನ್ನು ಒತ್ತಿದರೆ ನಾನು ಇನ್ನೂ ಮೇಲಕ್ಕೆ ಹೋದೆ. ಕೊನೆಗೆ ಕುಕ್ಕರಿನ ಖಾಲಿ ಡಬ್ಬವೊಂದನ್ನು ಕಾಲಡಿಗೆ ಇಟ್ಟುಕೊಂಡೆ, ಮಧ್ಯಾಹ್ನದ ಹೊತ್ತಿಗೆ ಅದು ಅಪ್ಪಚ್ಚಿಯಾಗಿ ಕಾಲು ಮತ್ತೆ ನೇತಾಡಿದವು. ಎರಡನೆಯ ದಿನ ಗಿರಿಜಾ ಹತ್ತು ನಿಮಿಷ ತಡವಾಗಿ ಬಂದಳು. ಗಿರಿಜಾ ಅಂದರೆ ನನ್ನ ಜೊತೆಯ ಸೇಲ್ಸ್ ಹುಡುಗಿ, ಪಿಯುಸಿ ಓದಿದವಳು, ಡಬ್ಬದ ಮೇಲಿನ ಅಕ್ಷರವನ್ನೆಲ್ಲ ಗಿಳಿಯ ಹಾಗೆ ಓದುವವಳು. ಮ್ಯಾನೇಜರ್ ಗದರಬೇಕೆಂದು ಯಜಮಾನರು ಹೇಳಿಕೊಟ್ಟಿದ್ದರು. ಹೊತ್ತಿಗೆ ಸರಿಯಾಗಿ ಬರಬೇಕಮ್ಮ, ಅಂಗಡಿ ಕಾಯುವುದಿಲ್ಲ ಅಂದೆ. ಅವಳು ತಲೆತಗ್ಗಿಸಿ ಆಯ್ತು ಅಂದಳು. ಅವಳು ಬಂದದ್ದು ನಾನು ಹನ್ನೆರಡು ವರ್ಷ ತಡವಾಗಿ ಬರುತ್ತಿದ್ದ ಅದೇ ಬಸ್ಸಿನಲ್ಲಿ. ನನಗೇ ಒಂಥರಾ ಆಯಿತು, ಟಿಣ್ ಅಂತ ಗಂಟೆ ಕುಟ್ಟಿ ಕಾಫಿ ತರಿಸಿ ಅವಳಿಗೂ ಕೊಟ್ಟೆ. ಮೂರನೆಯ ದಿನ ಯಜಮಾನರಿಂದ ಒಂದು ಕಾಯಿದೆ ಬಂತು. ಟೈಲ್ಸ್ ಮೇಲೆ ಗಿರಾಕಿಗಳು ಕೂರಬಾರದು, ಎಲ್ಲರೂ ಗಾಜಿನ ಕೌಂಟರ್ ಮುಂದೆ ನಿಂತೇ ವ್ಯಾಪಾರ ಮಾಡಬೇಕು. ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದರು. ಮುದ್ದೆ ಕೋಲನ್ನು ನಾನೇ ತಂದು ಕುರ್ಚಿಯ ಹಿಂದಿನ ಮೂಲೆಗೆ ಒರಗಿಸಿದೆ. ಅವತ್ತು ಪಾತ್ರೆ ವ್ಯಾಪಾರ ಬೇಗ ಬೇಗ ಮುಗಿಯಿತು. ಹೆಂಗಸರು ನಿಂತೇ ನೋಡಿದರು, ನಿಂತೇ ಚೀಲಕ್ಕೆ ಹಾಕಿಕೊಂಡರು. ಒಬ್ಬಳಾದರೂ ತನ್ನ ಅತ್ತೆಯನ್ನು ಬೈಯಲಿಲ್ಲ. ನನಗೆ ಹೊತ್ತೇ ಹೋಗಲಿಲ್ಲ.

ನಾಲ್ಕನೆಯ ದಿನ ಗುರುವಾರ, ಯಜಮಾನರು ಬರುವ ದಿನ. ಅವರು ಬರುವುದಕ್ಕೆ ಮುಂಚೆ ಸರಗೂರಿನ ಕಡೆಯ ಒಬ್ಬ ಗಂಡಸು ಮಗಳನ್ನು ಕರೆದುಕೊಂಡು ಬಂದ. ಮದುವೆ ಪಾತ್ರೆಗೆ ಬಂದವರ ಜೊತೆ ಅವ್ವ, ಚಿಕ್ಕಮ್ಮ, ಸೋದರತ್ತೆ ಅಂತ ಅರ್ಧ ಊರೇ ಇರುತ್ತದೆ. ಇವರು ಇಬ್ಬರೇ. ಗಿರಿಜಾ ಸ್ಟೀಲು ತಪ್ಪಲೆಯೊಂದನ್ನು ಮುಂದಿಟ್ಟು, ತಳ ದಪ್ಪ, ಐದು ವರ್ಷ ಗ್ಯಾರಂಟಿ ಅಂತ ಓದಿದಳು. ಅವನು ಗೆಣ್ಣಿನಿಂದ ಠಣ್ ಅನ್ನಿಸಿ, ಚೆನ್ನಾಗಿದೆಯಾ ಅಂತ ಮಗಳನ್ನು ಕೇಳಿದ. ಹೂಂ ಅಂದಳು. ಇನ್ನೊಂದು ತಪ್ಪಲೆ. ಅದಕ್ಕೂ ಹೂಂ. ಕೊಳಗಕ್ಕೂ ಹೂಂ, ಜರಡಿಗೂ ಹೂಂ. ಅವಳು ಯಾವುದನ್ನೂ ನೋಡುತ್ತಿರಲಿಲ್ಲ. ಎದೆಗೆ ಅವುಚಿಕೊಂಡಿದ್ದ ಚೀಲದ ಬಾಯಿಂದ ಹಿತ್ತಾಳೆ ತಪ್ಪಲೆಯೊಂದರ ಕಂಠ ಕಾಣುತ್ತಿತ್ತು. ಅವಳ ಕೈ ಚೀಲದ ಒಳಗಿತ್ತು, ಹೆಬ್ಬೆರಳು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ಯಾವ ಜಾಗವೆಂದು ಕುರ್ಚಿಯ ಮೇಲಿಂದಲೇ ನನಗೆ ಗೊತ್ತಾಯಿತು.

ಮ್ಯಾನೇಜರ್ ಎದ್ದು ಹೋಗಬಾರದು. ಎರಡು ಸಲ ಏಳಹೋಗಿ ಮತ್ತೆ ಕೂತೆ. ಅವನು ಚೀಲಕ್ಕೆ ಕೈ ಹಾಕಿ, "ತಾ ಮಗ, ತೂಕಕ್ ಹಾಕುಸ್ಬುಡನ" ಅಂದಾಗ ಕುರ್ಚಿಯಿಂದ ಇಳಿದೆ. ಇಳಿದೆ ಅಂದರೆ ಹಾರಿದೆ, ಅಷ್ಟು ಎತ್ತರ ಅದು.

"ಯಾರ್ದವ್ವ ಇದು?" ಅಂತ ಹುಡುಗಿಯನ್ನು ಕೇಳಿದೆ.

"ನಮ್ಮವ್ವಂದು" ಅಂದಳು. ಹೂಂ ಬಿಟ್ಟು ಅವಳು ಆಡಿದ ಮೊದಲನೆಯ ಮಾತು ಅದು.

ಅಪ್ಪನೇ ಮುಂದುವರಿಸಿದ. "ಅವ್ಳು ಹೋಗಿ ಮೂರ್ ವರ್ಸ ಆಯ್ತು ಕಣವ್ವ. ಕಲಾಯಿನೋರು ಬರಾಕಿಲ್ಲ, ಸುಮ್ಕೆ ಅಟ್ಟದ್ ಮೇಲ್ ಬಿದ್ದದೆ. ಮಗೀಗೆ ಒಸಾದು ಕೊಡ್ಸನ ಅಂತ."

ಸರಿ ಅಂದೆ. ಗಂಜಿ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿದೆ, ಅದು ಮುರಿಯುತ್ತಿದೆಯೇನೋ ಅನ್ನುವಷ್ಟು ಸದ್ದು ಮಾಡಿತು. ಟೈಲ್ಸ್ ಮೇಲೆ ಕೂತು, ಹುಡುಗಿಯನ್ನೂ ಎದುರಿಗೆ ಕೂರಿಸಿಕೊಂಡೆ. ಗಿರಿಜಾ ಕೋಲು ತಂದಳು. ಮೊದಲು ಸ್ಟೀಲಿನದರಲ್ಲಿ ತಿರುವು ಅಂದೆ. ತಿರುವಿದಳು. ಚೆನ್ನಾಗಿ ತಿರುವುತ್ತಿದ್ದಳು ಪುಣ್ಯಾತ್ಗಿತ್ತಿ, ತೋಳು ಹೆಗಲಿನಿಂದ ಆಡುತ್ತಿತ್ತು. ಒಂದು ಜಾರಿತು, ಒಂದು ನಿಂತಿತು. ನಿಂತದ್ದನ್ನು ಪಕ್ಕಕ್ಕಿಡಿಸಿ, ಈಗ ನಿಮ್ಮವ್ವನದರಲ್ಲಿ ಅಂದೆ. ಚೀಲದಿಂದ ತೆಗೆದು ಪಾದದ ನಡುವೆ ಇಟ್ಟುಕೊಂಡಳು. ಮಸಿಯ ನಡುವೆ ಹೊಳೆಯುತ್ತಿದ್ದ ಎರಡು ಜಾಗಕ್ಕೆ ಅವಳ ಹಿಮ್ಮಡಿ ಎರಡೂ ಸರಿಯಾಗಿ ಕೂತವು. ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ, ಹಿಮ್ಮಡಿ ಎಲ್ಲರದೂ ಹಿಮ್ಮಡಿಯೇ. ಆದರೆ ಹುಡುಗಿ ಕೋಲು ಆಡಿಸದೆ ಹಾಗೇ ಕೂತುಬಿಟ್ಟಳು. ಅಪ್ಪ ಅವಳ ಪಾದವನ್ನು ನೋಡಿದ, ಆಮೇಲೆ ಹಿಂದಕ್ಕೆ ತಿರುಗಿ ಕುಕ್ಕರುಗಳನ್ನು ಬಹಳ ಹೊತ್ತು ನೋಡಿದ. ಕುಕ್ಕರು ಅವನಿಗೆ ಬೇಕಾಗಿರಲಿಲ್ಲ.

"ಇದುನ್ನ ನಾವ್ ತಕ್ಕಳಲ್ಲ" ಅಂದೆ.

ಅವನು ತಿರುಗಿದ. "ಯಾಕವ್ವ ತಕ್ಕಳಲ್ಲ? ನನ್ನೆಡ್ತಿ ತೌರಿಂದ ತಂದಿದ್ದು, ಅಪ್ಪಟ ಇತ್ತಾಳೆ" ಅಂತ ಅವನಿಗೆ ಸಿಟ್ಟೇ ಬಂತು.

"ಅಪ್ಪಟ ಅಂತ್ಲೇ ಬ್ಯಾಡ ಅಂದಿದ್ದು. ಮಗಳ್ ಜೊತೆ ಕಳ್ಸಪ್ಪ. ಬಸ್ ಸ್ಟ್ಯಾಂಡ್ ಇಂದ್ಗಡೆ ಕಲಾಯಿಯೋನು ಒಬ್ಬ ಇನ್ನೂ ಅವ್ನೆ, ಸಾಕಮ್ಮ ಕಳುಸುದ್ಲು ಅನ್ನು, ಮಾಡ್ಕೊಡ್ತಾನೆ."

ಅಷ್ಟರಲ್ಲಿ ಬಾಗಿಲ ಕಡೆಯಿಂದ ದನಿ ಬಂತು. "ಏನ್ ಸಾಕಮ್ಮೋರೆ, ಹಿಟ್ಟು ಬೆಂತಾ?" ಯಜಮಾನರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರ ಹೊಸ ಮ್ಯಾನೇಜರ್ ಇಸ್ತ್ರಿ ಸೀರೆಯನ್ನು ಮೊಣಕಾಲಿಗೆ ಕಟ್ಟಿಕೊಂಡು, ಹೊಸ ಟೈಲ್ಸ್ ಮೇಲೆ ಕಾಲು ಚಾಚಿ, ಬಂದ ಹಿತ್ತಾಳೆಯನ್ನು ವಾಪಸ್ ಕಳಿಸುತ್ತಿದ್ದಳು. ಎದ್ದು ನಿಲ್ಲಬೇಕೆಂದು ನೋಡಿದೆ, ಮಂಡಿ ಹಿಡಿದುಕೊಂಡಿತ್ತು.

"ಇನ್ನೊಂಚೂರು ಗಂಟದೆ ಕಣ್ರೀ, ಕೂತ್ಕಳಿ" ಅಂದೆ. ಕೂರಲು ಬೇರೆ ಜಾಗವಿರಲಿಲ್ಲ. ಅವರು ಹೋಗಿ ನನ್ನ ಕುರ್ಚಿಯಲ್ಲಿ ಕೂತರು.

ಅಪ್ಪ ಮಗಳು ಸ್ಟೀಲನ್ನೂ ತೆಗೆದುಕೊಂಡರು, ಅದನ್ನು ಹೇಳದಿದ್ದರೆ ನಾನು ಅಂಗಡಿಗೆ ಎರಡು ಬಗೆದವಳೆಂದು ನೀವು ತಿಳಿಯುತ್ತೀರಿ. ಹಿತ್ತಾಳೆ ತಪ್ಪಲೆ ಮತ್ತೆ ಹುಡುಗಿಯ ಕಂಕುಳಿಗೆ ಹೋಯಿತು. ಬಾಗಿಲು ದಾಟುವಾಗ ಅವಳು ತಿರುಗಿ ನನ್ನನ್ನು ನೋಡಿದಳು. ಮದುವೆ ಮನೆಯಲ್ಲಿ ಬಾಯಿ ಬಿಟ್ಟು ಮಾತಾಡೇ ಅಂದೆ. ಅದಕ್ಕೂ ಹೂಂ ಅಂದಳು.

ಅವರು ಹೋದ ಮೇಲೆ ಯಜಮಾನರು ಬಹಳ ಮೆತ್ತಗೆ ಕೇಳಿದರು. ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮ್ಯಾನೇಜರ್ ಆದವರು ಅಂಗಡಿಯ ಕಡೆ ನಿಂತು ನೋಡಬೇಕಲ್ಲವೇ ಅಂದರು. ಹೌದು, ಅದಕ್ಕೇ ಅದು ನನ್ನ ಕೈಲಾಗುವುದಿಲ್ಲ ಅಂದೆ. ಗಿರಾಕಿಯ ಪಾದ ನೋಡದೆ ನನಗೆ ವ್ಯಾಪಾರ ಮಾಡಲು ಬರುವುದಿಲ್ಲ, ಆ ಕುರ್ಚಿಯಿಂದ ನೋಡಿದರೆ ಎಲ್ಲರ ತಲೆ ಮಾತ್ರ ಕಾಣುತ್ತದೆ ಅಂದೆ. ಯೋಚನೆ ಮಾಡಿ, ಎರಡನೆಯ ಸಲ ಕೇಳುವುದಿಲ್ಲ ಅಂದರು. ಯೋಚನೆ ಮಾಡುವುದು ನನಗೆ ಅಭ್ಯಾಸವಿಲ್ಲ. ಬೀಗದ ಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ಗಾಜಿನ ಮೇಜಿನ ಮೇಲಿಟ್ಟೆ.

"ಗಿರಿಜನ್ನ ಕೂರ್ಸಿ" ಅಂದೆ. "ಅವ್ಳ್ ಕಾಲು ನೆಲಕ್ ತಾಗ್ತದೆ."

ಯಜಮಾನರಿಗೆ ನಗು ಬಂತು, ಅಥವಾ ಬೇಸರವೋ ಗೊತ್ತಿಲ್ಲ, ಅವರ ಮೀಸೆ ದೊಡ್ಡದು. ಚಾಪೆಯನ್ನು ಅಟ್ಟದಿಂದ ಇಳಿಸಿ, ಆದರೆ ಮಿಕ್ಸಿ ಗೋಡೆಯ ಮರೆಗೆ ಹಾಸಿಕೊಳ್ಳಿ, ಬೀದಿಗೆ ಕಾಣಬಾರದು ಅಂದರು. ಅಷ್ಟಕ್ಕೆ ರಾಜಿಯಾಯಿತು.

ಸಂಜೆ ಮನೆಯಲ್ಲಿ ಹೇಳಿದೆ. ಮಗ ತಲೆಯ ಮೇಲೆ ಕೈ ಹೊತ್ತು ಜಗಲಿಯ ಮೇಲೆ ಕೂತ. "ಊರೋರ್ಗೆಲ್ಲ ಹೇಳಿವ್ನಿ ಕಣವ್ವ" ಅಂದ. ಹೇಳಿದವನು ನೀನು, ನೀನೇ ಹೋಗಿ ಇಲ್ಲ ಅಂತ ಹೇಳಿ ಬಾ ಅಂದೆ. ಆಗಲೇ ಅವನು ಆ ತ್ಯಾಗದ ಕಥೆ ಕಟ್ಟಿದ್ದು, ಪಾಪ. ಭಾಗ್ಯ ಮುದುರಿಹೋಗಿದ್ದ ಗಂಜಿ ಸೀರೆಯನ್ನು ಮಡಚುತ್ತಾ ನಿಂತಿದ್ದಳು. ಸರಗೂರಿನ ಹುಡುಗಿಯ ಕಥೆಯನ್ನೆಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಅಂದಳು.

"ಅಜ್ಜಿ ತಪ್ಪಲೆ ನಂಗೂ ಇದ್ದಿದ್ರೆ ಚೆನ್ನಾಗಿರದು ಅತ್ತೆ."

ಸೊಪ್ಪು ಸೋಸುವುದಿದೆ ಅಂತ ಒಳಗೆ ಹೋದೆ. ಸೊಪ್ಪನ್ನು ಅವಳು ಆಗಲೇ ಸೋಸಿಟ್ಟಿದ್ದಳು.

ಮಾರನೆಯ ಬೆಳಿಗ್ಗೆ ನಾನೇ ಹಿಟ್ಟು ತಿರುವಿದೆ. ತಿರುವಿ ಮುಗಿಸಿ, ಬಟ್ಟೆ ಬಿಚ್ಚಿ, ಆ ಹನ್ನೆರಡು ವರ್ಷದ ಸ್ಟೀಲು ತಪ್ಪಲೆಯನ್ನು ಬಾಗಿಲ ಬೆಳಕಿಗೆ ಹಿಡಿದು ಎರಡು ಪಕ್ಕವನ್ನೂ ನೋಡಿದೆ. ಹಿಮ್ಮಡಿಯ ಗುರುತು ಏನೂ ಬಿದ್ದಿರಲಿಲ್ಲ. ಇನ್ನೊಮ್ಮೆ ಒರೆಸಿ ನೋಡಿದೆ, ಅಷ್ಟರಲ್ಲಿ ಬಸ್ಸು ಹೋಯಿತು. ಮುಂದಿನ ಬಸ್ಸಿನಲ್ಲಿ, ಕಿಟಕಿ ಪಕ್ಕದಲ್ಲೇ ಕೂತು, ಹುಣಸೂರಿಗೆ ಹೋದೆ. ತಿರುಗುವ ಕುರ್ಚಿಯಲ್ಲಿ ಗಿರಿಜಾ ಕೂತಿದ್ದಳು, ಕಾಲು ನೆಲಕ್ಕೆ ತಾಗಿತ್ತು. ನನ್ನನ್ನು ಕಂಡು ಹೆದರಿಕೊಂಡೇ, "ಹೊತ್ತಿಗ್ ಸರಿಯಾಗ್ ಬರ್ಬೇಕು ಸಾಕಮ್ಮೋರೆ, ಅಂಗ್ಡಿ ಕಾಯಲ್ಲ" ಅಂದಳು. ನಾನು ಹೇಳಿಕೊಟ್ಟದ್ದನ್ನು ಅಕ್ಷರ ಬಿಡದೆ ಕಲಿತಿದ್ದಳು. ಆಯ್ತು ಅಂದೆ. ಮಿಕ್ಸಿ ಗೋಡೆಯ ಮರೆಯಲ್ಲಿ ಚಾಪೆ ಹಾಸಿ, ಕೋಲು ತೆಗೆದುಕೊಂಡು ಕೂತು, ಹನ್ನೊಂದು ಗಂಟೆಯೊಳಗೆ ಎರಡು ಸ್ಟೀಲು ತಪ್ಪಲೆ ಮಾರಿದೆ.